ಹನ್ನೊಂದು ಗ್ರಾಂ ಕಡಿಮೆ ಬಂದ ಉಕ್ಕಿನ ಟೋಪಿ

ನನ್ನ ಸೋದರಮಾವ ಯಾರನ್ನೂ ನಂಬುತ್ತಿರಲಿಲ್ಲ. ಇದು ನನ್ನ ದೂರಲ್ಲ, ಅವನ ಕಸುಬೇ ಹಾಗಿತ್ತು. ಮೂವತ್ತೆರಡು ವರ್ಷ ಅವನು ತಕ್ಕಡಿ ರಿಪೇರಿ ಮಾಡಿದ. ಬಜಾರಿನ ಹಿಂದಿನ ಗಲ್ಲಿಯಲ್ಲಿ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಎದುರಿಗೆ ಅವನ ಅಂಗಡಿ. ಒಳಗೆ ಕಾಲಿಟ್ಟರೆ ಯಂತ್ರದ ಎಣ್ಣೆ ಮತ್ತು ಹಿತ್ತಾಳೆ ಪಾಲಿಷಿನ ವಾಸನೆ. ಯಾರಾದರೂ ವ್ಯಾಪಾರಿ ತಕ್ಕಡಿ ತಂದಿಟ್ಟು "ಯಾಕೋ ಸರಿಯಾಗಿ ತೂಗ್ತಿಲ್ಲ ನೋಡಿ" ಅಂದರೆ ಮಾವ ಮುಳ್ಳನ್ನಾಗಲಿ ದಂಡವನ್ನಾಗಲಿ ಮುಟ್ಟುತ್ತಿರಲಿಲ್ಲ. ಮೊದಲು ತಟ್ಟೆಯನ್ನು ಮಗುಚಿ ತಳದಲ್ಲಿ ಮೇಣ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದ. ಹತ್ತರಲ್ಲಿ ನಾಲ್ಕು ತಟ್ಟೆಗಳಲ್ಲಿ ಇದ್ದೇ ಇರುತ್ತಿತ್ತು. ತಂದವರು ಮುಖ ಆಚೆ ತಿರುಗಿಸಿ ಬೀದಿ ನೋಡುತ್ತ ನಿಲ್ಲುತ್ತಿದ್ದರು. ಇಂಥ ಕೆಲಸದಲ್ಲಿ ತಲೆ ನರೆಸಿಕೊಂಡವನಿಗೆ ಮನುಷ್ಯರ ಮೇಲೂ ಹಾಗೇ ಬೆರಳಾಡಿಸಿ ನೋಡುವ ಚಟ ಹತ್ತಿದ್ದರೆ ಅದರಲ್ಲಿ ಆಶ್ಚರ್ಯವಿರಲಿಲ್ಲ.

ಅವನಿಗಿದ್ದ ಇನ್ನೊಂದು ಚಟವೆಂದರೆ ಬ್ರಿಟಿಷ್ ಸೈನಿಕರ ಹಳೆಯ ಉಕ್ಕಿನ ಟೋಪಿಗಳನ್ನು ಕೂಡಿಡುವುದು. ಮೊದಲನೆಯದು ಸಿಕ್ಕಿದ್ದು ಗುಜರಿಯಲ್ಲಂತೆ. ಯಾರೋ ಅದರಲ್ಲಿ ಇದ್ದಿಲು ತುಂಬಿಡುತ್ತಿದ್ದರು. ಅಗಲವಾದ ಅಂಚಿನ, ಮಗುಚಿಟ್ಟ ಬೋಗುಣಿಯಂಥ ಆ ಟೋಪಿಯನ್ನು ಮಾವ ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಜೇಬಿನ ಅಯಸ್ಕಾಂತವನ್ನು ಅದಕ್ಕೆ ಹಿಡಿದ. ಅಂಟಲಿಲ್ಲ. ಆಮೇಲೆ ಯಾವುದೋ ಪುಸ್ತಕ ಹುಡುಕಿ ಓದಿದಾಗ ಗೊತ್ತಾಯಿತು: ಆ ಉಕ್ಕಿಗೆ ಮ್ಯಾಂಗನೀಸ್ ಬೆರೆಸಿರುತ್ತಾರೆ, ಅದಕ್ಕೆ ಅಯಸ್ಕಾಂತ ಕಚ್ಚುವುದಿಲ್ಲ, ಸಾದಾ ತಗಡಿನಲ್ಲಿ ಬಡಿದ ನಕಲಿ ಟೋಪಿಯಾದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಮಾವನಿಗೆ ಇದಕ್ಕಿಂತ ಇನ್ನೇನು ಬೇಕು? ಸುಳ್ಳು ಹೇಳಿದ ಕೂಡಲೇ ಸಿಕ್ಕಿಬೀಳುವ ವಸ್ತು ಈ ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದು ಅವನಿಗೆ ಸಮಾಧಾನವಾಗಿರಬೇಕು. ನಾನು ಅವನ ಮನೆಗೆ ಬರುವ ಹೊತ್ತಿಗೆ ಒಂದು ಕೋಣೆಯ ತುಂಬ ಇಪ್ಪತ್ತಾರು ಟೋಪಿಗಳಿದ್ದವು.

ಗಲ್ಲಿಯಲ್ಲಿ ಅವನಿಗೆ 'ಟೋಪಿ' ಎಂದೇ ಹೆಸರು. ಯಾರೂ ತನಗೆ ಟೋಪಿ ಹಾಕಬಾರದೆಂದು ಹಗಲಿರುಳು ಒದ್ದಾಡುವ ಮನುಷ್ಯ ತಾನೇ ಹುಡುಕಿಕೊಂಡು ಹೋಗಿ ಟೋಪಿ ತರುತ್ತಾನಲ್ಲ ಎಂದು ಪ್ರೆಸ್ಸಿನವರೆಲ್ಲ ನಗುತ್ತಿದ್ದರು. ಮಾವನಿಗೆ ಇದು ಗೊತ್ತಿತ್ತು. ನಗುವವರ ಹಲ್ಲುಗಳನ್ನೂ ಅವನು ಎಣಿಸಿ ಇಟ್ಟುಕೊಂಡಿದ್ದ.

ನಾನು ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಸೇರಿ ಮೂರು ವರ್ಷ ಮಾವನ ಮನೆಯಲ್ಲಿದ್ದೆ. ಮೂರು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಮಂಚ, ನಡುವಿನದು ಮಾವ, ಅತ್ತೆಯದು, ಹಿಂದಿನದು ಟೋಪಿಗಳದ್ದು. ಮನೆಯಲ್ಲಿ ಗಾಳಿ, ಬೆಳಕು ಚೆನ್ನಾಗಿ ಬರುತ್ತಿದ್ದುದು ಆ ಹಿಂದಿನ ಕೋಣೆಗೇ. ಗೋಡೆಯುದ್ದಕ್ಕೂ ಮರದ ಹಲಗೆಗಳು, ಅವುಗಳ ಮೇಲೆ ಟೋಪಿಗಳು, ಒಂದೊಂದಕ್ಕೂ ನಾನೇ ಟೈಪ್ ಮಾಡಿಕೊಟ್ಟ ಚೀಟಿ. ನಂಬರು, ಅಂಚಿನ ಕೆಳಗೆ ಒತ್ತಿದ ಮುದ್ರೆಯ ಅಕ್ಷರ, ವರ್ಷ, ಕೊನೆಗೆ ತೂಕ. ತಕ್ಕಡಿಯವನಲ್ಲವೇ, ಗ್ರಾಂ ಲೆಕ್ಕದಲ್ಲಿ ತೂಕ. ವರ್ಷಕ್ಕೊಂದು ಸಲ ಎಲ್ಲವನ್ನೂ ಅಂಗಡಿಗೆ ಸಾಗಿಸಿ, ಗಾಜಿನ ಪೆಟ್ಟಿಗೆಯೊಳಗಿನ ದೊಡ್ಡ ತಕ್ಕಡಿಯಲ್ಲಿ ಮತ್ತೆ ತೂಗಿ ಪಕ್ಕದಲ್ಲಿ ಸರಿ ಗುರುತು ಹಾಕುತ್ತಿದ್ದ.

ಕೋಣೆಯ ಬೀಗದ ಕೈ ಅವನ ಸೊಂಟದಲ್ಲಿರುತ್ತಿತ್ತು. ಅಷ್ಟು ಸಾಲದೆಂದು ಹೊರಡುವ ಮುಂಚೆ ಹೊಸ್ತಿಲ ಒಳಗೆ ಒಂದು ಚಿಟಿಕೆ ಹಿಟ್ಟು ಉದುರಿಸಿ ಬಾಗಿಲೆಳೆಯುತ್ತಿದ್ದ. ಯಾರಾದರೂ ಕಾಲಿಟ್ಟರೆ ಗುರುತು ಬೀಳಬೇಕು.

"ಆ ಕೋಣೆಗೆ ಯಾರು ಹೋಗ್ತಾರೆ ಅಂತ ಇದೆಲ್ಲಾರೀ?" ಎಂದು ಅತ್ತೆ ಒಮ್ಮೆ ಕೇಳಿದಳು.

"ಹೋಗಲ್ಲ ಅಂದ್ಮೇಲೆ ನಿಂಗ್ಯಾಕೆ ಚಿಂತೆ?" ಅಂದ ಮಾವ.

ಅತ್ತೆ ಸುಮ್ಮನಾದಳು. ಮದುವೆಯಾದ ಹೊಸದರಲ್ಲಿ ಅವಳು ಅಂಗಡಿಯಿಂದ ಸಾಮಾನು ತಂದರೆ ಮಾವ ಮತ್ತೆ ತೂಗಿ ನೋಡುತ್ತಿದ್ದನಂತೆ. "ಅಂಗಡಿಯೋನ ಮೇಲಿನ ಅನುಮಾನ ಅಂದ್ಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಗೊತ್ತಾಯ್ತು, ನನ್ನ ಮೇಲೂ ಇತ್ತು ಅಂತ" ಎಂದು ನನಗೆ ಹೇಳಿದ್ದಳು. ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವೆನಿಸಿತ್ತು.

ಮಾವನಿಗೆ ಇದ್ದದ್ದು ಒಬ್ಬನೇ ಸ್ನೇಹಿತ, ನಿವೃತ್ತ ಬಸ್ ಕಂಡಕ್ಟರು. ಅವನೂ ಇಂಥ ಟೋಪಿಗಳ ಹಿಂದೆ ಬಿದ್ದವನೇ, ಅವನ ಹತ್ತಿರ ಏಳು ಇದ್ದವು. ಭಾನುವಾರ ಬೆಳಿಗ್ಗೆ ಬಂದರೆ ಇಬ್ಬರೂ ಹಿಂದಿನ ಕೋಣೆಯಲ್ಲಿ ಕೂತು ಭೂತಗನ್ನಡಿ ಹಿಡಿದು ಮುದ್ರೆ ನೋಡುತ್ತ, ಇದು ಯಾವ ಕಾರ್ಖಾನೆಯದು, ಗಲ್ಲದ ಪಟ್ಟಿ ಆ ಕಾಲದ್ದೋ ಆಮೇಲೆ ಹೊಲಿದದ್ದೋ ಎಂದು ಮಧ್ಯಾಹ್ನದವರೆಗೆ ವಾದ ಮಾಡುತ್ತಿದ್ದರು. ಇಪ್ಪತ್ತು ವರ್ಷದ ಗೆಳೆತನ. ಆದರೂ ಕಂಡಕ್ಟರು ಹೊರಟಮೇಲೆ ಮಾವ ಒಂದು ಸಲ ಟೋಪಿಗಳನ್ನು ಎಣಿಸದೆ ಬೀಗ ಹಾಕುತ್ತಿರಲಿಲ್ಲ.

ಕತೆ ಶುರುವಾದದ್ದು ಹದಿನಾಲ್ಕನೇ ನಂಬರಿನ ಟೋಪಿಯಿಂದ. ಮೊದಲು ಆ ನಂಬರಿನಲ್ಲಿದ್ದ ಟೋಪಿ ನಕಲಿಯೆಂದು ತಿಳಿದು ಮಾವ ಅದನ್ನು ಗುಜರಿಗೆ ಎಸೆದಿದ್ದ. ಖಾಲಿ ಬಿದ್ದ ಜಾಗಕ್ಕೆ ಇದು ಬಂತು. ಒಬ್ಬ ಮನುಷ್ಯ ಹಳೆ ಮನೆಯ ಸಾಮಾನೆಲ್ಲ ವಿಲೇವಾರಿ ಮಾಡುತ್ತ ತಂದು ಮಾರಿದ್ದು. ಎರಡನೇ ಮಹಾಯುದ್ಧದ ಕಾಲದ್ದು. ಈ ಬಗೆಯ ಟೋಪಿಗಳಲ್ಲಿ ಒಳಗಿನ ಚರ್ಮದ ಪಟ್ಟಿ, ಮೇಣಬಟ್ಟೆ, ನೆತ್ತಿಯ ಮೆತ್ತೆ ಎಲ್ಲವನ್ನೂ ನೆತ್ತಿಯ ಮೇಲಿನ ಒಂದೇ ಒಂದು ಸ್ಕ್ರೂ ಹಿಡಿದಿರುತ್ತದೆ. ಹದಿನಾಲ್ಕನೆಯದರ ಸ್ಕ್ರೂ ಮೇಲೆ ಸೇನೆಯ ಹಸಿರು ಬಣ್ಣ ಒಂದಿಷ್ಟೂ ಒಡೆಯದೆ ಹಾಗೇ ಕೂತಿತ್ತು. "ಕಾರ್ಖಾನೆಯಿಂದ ಬಂದಮೇಲೆ ಇದನ್ನ ಯಾರೂ ಬಿಚ್ಚೇ ಇಲ್ಲ. ಇಪ್ಪತ್ತಾರರಲ್ಲಿ ಇಂಥದ್ದು ಇದೊಂದೇ" ಎಂದು ಮಾವ ಕಂಡಕ್ಟರನಿಗೆ ತೋರಿಸಿ ಹಿಗ್ಗಿದ್ದ. ಕಂಡಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನಂಗೆ ಕೊಡ್ತೀಯೇನೋ? ನನ್ನ ಎರಡು ತಗೋ" ಅಂದಿದ್ದ. ಮಾವ ಕೊಡಲಿಲ್ಲ. ಕೇಳಿದ್ದನ್ನು ಮಾತ್ರ ಮರೆಯಲಿಲ್ಲ.

ಅದಾಗಿ ಒಂದು ತಿಂಗಳಿಗೆ ಎದುರಿನ ಪ್ರೆಸ್ಸಿನ ಬೈಂಡಿಂಗ್ ಕೆಲಸದ ಹೆಂಗಸು ಅಂಗಡಿಗೆ ಬಂದಳು. ಐವತ್ತೈದರ ಆಸುಪಾಸು, ಬೆರಳ ತುದಿಗಳಲ್ಲಿ ಒಣಗಿದ ಗೋಂದು. ನಾನು ಮಾವನ ಬುತ್ತಿ ಕೊಡಲು ಹೋಗಿದ್ದವಳು ಅಲ್ಲೇ ಇದ್ದೆ.

"ಸಾರ್, ನನ್ನ ತಮ್ಮ ನಿಮಗೊಂದು ಕಬ್ಬಿಣದ ಟೋಪಿ ಮಾರಿದ್ದಾನಂತೆ. ಅದು ನಮ್ಮಪ್ಪಂದು. ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸ್ತಿದ್ರು. ನನ್ನ ಕೇಳ್ದೇನೇ ಮಾರಿಬಿಟ್ಟ. ಒಂದೇ ಒಂದ್ಸಲ ನೋಡಬಹುದಾ?"

ಮಾವ ತಲೆಯೆತ್ತಲಿಲ್ಲ. "ಯಾವ ಟೋಪಿ?"

"ವಾಪಸ್ ಬೇಡ ಸಾರ್. ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡು ಕೊಟ್ಬಿಡ್ತೀನಿ."

"ಹಿಡ್ಕೊಂಡು ಏನ್ ಮಾಡ್ತೀರಿ?"

ಅವಳು ತಡವರಿಸಿದಳು. ಆ ತಡವರಿಕೆ ಸಾಕಾಯಿತು ಮಾವನಿಗೆ. ತಟ್ಟೆಯ ತಳದಲ್ಲಿ ಮೇಣ ಸಿಕ್ಕಿದಾಗ ಮುಖ ಹೇಗಾಗುತ್ತಿತ್ತೋ ಹಾಗಾಯಿತು. "ನಿಮ್ಮ ತಮ್ಮ ಯಾರೋ ನಂಗೊತ್ತಿಲ್ಲಮ್ಮ. ನನ್ನ ಹತ್ರ ಅಂಥದ್ದು ಯಾವ್ದೂ ಇಲ್ಲ. ಹೋಗಿ" ಎಂದುಬಿಟ್ಟ.

ಅವಳು ಹೋದಮೇಲೆ ನಾನು, "ಯಾಕೆ ಮಾವ, ತೋರಿಸಿದ್ರೆ ಏನಾಗ್ತಿತ್ತು?" ಅಂದೆ.

"ನೋಡೋಕೆ ಅಂತ ಬಂದೋರು ನೋಡಿಬಿಟ್ಟು ಹೋಗಿದ್ದು ಎಲ್ಲಾದ್ರೂ ಕಂಡಿದೀಯಾ? ಇವತ್ತು ಅಪ್ಪಂದು ಅಂತಾಳೆ, ನಾಳೆ ನಂದು ಅಂತಾಳೆ. ಮನೇಲಿ ಯಾರಿಗೂ ಹೇಳ್ಬೇಡ."

ನಾನು ಹೇಳಿದೆ. ಅವತ್ತೇ ಸಂಜೆ, ಅತ್ತೆಗೆ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಮುಗಿದಮೇಲೆ ಮತ್ತೆ ಹೆಚ್ಚತೊಡಗಿದಳು.

ಆ ವರ್ಷದ ತೂಕ ಹಾಕುವ ದಿನ ಬಂತು. ಮಾವ ಒಂದೊಂದೇ ಟೋಪಿ ತಟ್ಟೆಯ ಮೇಲಿಟ್ಟು ತೂಕ ಓದುತ್ತಿದ್ದ, ನಾನು ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದೆ. ಹದಿಮೂರರವರೆಗೆ ಎಲ್ಲ ಸರಿ ಬಂತು. ಹದಿನಾಲ್ಕನೆಯದನ್ನು ಇಟ್ಟಾಗ ಮುಳ್ಳು ನಡುವಿಗೆ ಬರಲಿಲ್ಲ. ಮಾವ ತಟ್ಟೆ ಒರೆಸಿ ಮತ್ತೆ ಇಟ್ಟ. ತೂಕದ ಬಟ್ಟುಗಳನ್ನು ಬದಲಿಸಿ ಇಟ್ಟ. ಗಾಜಿನ ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ನೋಡಿದ. ಹನ್ನೊಂದು ಗ್ರಾಂ ಕಡಿಮೆ.

ಟೋಪಿಯನ್ನು ಕಿಟಕಿಯ ಬಳಿಗೆ ಒಯ್ದು ಭೂತಗನ್ನಡಿ ಹಿಡಿದ. ನೆತ್ತಿಯ ಸ್ಕ್ರೂ ಮೇಲಿನ ಹಸಿರು ಬಣ್ಣ ಬಿರುಕು ಬಿಟ್ಟಿತ್ತು. ಸ್ಕ್ರೂ ತಲೆಯ ಸೀಳಿನಲ್ಲಿ ಕೂದಲೆಳೆಯಂಥ ಹೊಸ ಗೀರು, ಫಳಫಳ ಹೊಳೆಯುತ್ತಿತ್ತು.

"ಬಿಚ್ಚಿದ್ದಾರೆ" ಅಂದ ಮಾವ. "ಟೋಪಿ ಕದ್ದಿಲ್ಲ. ಪಟ್ಟಿ ಇದೆ, ಮೆತ್ತೆ ಇದೆ. ಒಳಗೆ ಏನೋ ಇತ್ತು. ನಂಗೇ ಗೊತ್ತಿಲ್ದೇ ಏನೋ ಇತ್ತು. ಅದನ್ನ ತೆಗೆದಿದ್ದಾರೆ."

ಅಂದಿನಿಂದ ಮನೆಯ ಗಾಳಿಯೇ ಕೆಟ್ಟುಹೋಯಿತು. ಬೀಗ ಒಡೆದಿರಲಿಲ್ಲ, ಹಿಟ್ಟಿನ ಮೇಲೆ ಹೆಜ್ಜೆ ಬಿದ್ದಿರಲಿಲ್ಲ. ಅಂದಮೇಲೆ ಮನೆಯ ಒಳಹೊರಗು ಬಲ್ಲವರೇ ಇರಬೇಕು. ಮಾವ ಊಟಕ್ಕೆ ಕೂತರೆ ಅನ್ನ ನೋಡುತ್ತಿರಲಿಲ್ಲ, ನಮ್ಮ ಮುಖ ನೋಡುತ್ತಿದ್ದ. ಮಾತಿನ ನಡುವೆ ಇದ್ದಕ್ಕಿದ್ದಂತೆ "ಹನ್ನೊಂದು ಗ್ರಾಂ ಅಂದ್ರೆ ಏನಿರಬಹುದು?" ಎಂದು ಕೇಳಿ ಯಾರ ಕಣ್ಣು ಮಿಟುಕುತ್ತದೆಂದು ಗಮನಿಸುತ್ತಿದ್ದ. ಒಂದು ದಿನ ನಾನು ಆಫೀಸಿನಿಂದ ಬಂದಾಗ ನನ್ನ ಮಂಚದ ಕೆಳಗಿನ ಪೆಟ್ಟಿಗೆಯ ಬಟ್ಟೆಗಳ ಮಡಿಕೆ ಕೆಟ್ಟಿತ್ತು.

"ಮಾವ, ನನ್ನ ಮೇಲೂ ಅನುಮಾನನಾ ನಿಂಗೆ?"

"ಅನುಮಾನ ಅಲ್ಲ. ನೋಡ್ದೆ ಅಷ್ಟೆ."

ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ, ನಾನೂ ಅತ್ತೆಯನ್ನು ಓರೆಗಣ್ಣಿನಿಂದ ನೋಡಲು ಶುರುಮಾಡಿದ್ದೇನೆಂದು ಅರಿವಾಗಿ ಹೆದರಿಕೆಯಾಯಿತು. ಅವತ್ತು ಈರುಳ್ಳಿ ಹೆಚ್ಚುತ್ತಿದ್ದ ಕೈ ನಿಂತದ್ದು ಯಾಕೆ? ಆಮೇಲೆ ಒಂದೆರಡು ಸಲ ಅತ್ತೆ ಮಧ್ಯಾಹ್ನ ಮನೆಯಲ್ಲಿರಲಿಲ್ಲ ಎಂದು ಪಕ್ಕದ ಮನೆಯವರು ಹೇಳಿದ್ದು ನೆನಪಾಯಿತು. ಈ ರೋಗ ಅಂಟುರೋಗ.

ಮಾವನ ಅನುಮಾನ ಮಾತ್ರ ಸುತ್ತಿ ಸುತ್ತಿ ಕಂಡಕ್ಟರನ ಮೇಲೆ ಬಂದು ನಿಂತಿತು. ಆ ಟೋಪಿ ಬೇಕೆಂದು ಬಾಯಿಬಿಟ್ಟು ಕೇಳಿದವನು ಅವನೊಬ್ಬನೇ. ಭಾನುವಾರಗಳಲ್ಲಿ ಕೋಣೆಯೊಳಗೆ ಕೂರುವವನು ಅವನೊಬ್ಬನೇ. ಮಾವ ಚಹಾ ತರಲು ಅಡುಗೆಮನೆಗೆ ಬಂದಾಗ ಅವನು ಒಬ್ಬನೇ ಇರುತ್ತಿದ್ದನಲ್ಲ? ಬೈಂಡಿಂಗ್ ಹೆಂಗಸಿಗೂ ಅವನಿಗೂ ಒಳಒಪ್ಪಂದ ಇರಬೇಕು. ಅವಳು ಪ್ರತಿದಿನ ಅವನು ಕೆಲಸ ಮಾಡುತ್ತಿದ್ದ ರೂಟಿನ ಬಸ್ಸಿನಲ್ಲೇ ಬರುವುದು! ಇದನ್ನು ಪತ್ತೆ ಮಾಡಿದ ದಿನ ಮಾವ ಗೆದ್ದವನಂತೆ ತೊಡೆ ತಟ್ಟಿಕೊಂಡ.

ಮುಂದಿನ ಭಾನುವಾರ ಕಂಡಕ್ಟರು ಎಂದಿನಂತೆ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತ.

"ಏನೋ ಮುಖ ಗಂಟು ಹಾಕ್ಕೊಂಡಿದೀಯ?"

"ಹದಿನಾಲ್ಕರ ಸ್ಕ್ರೂ ಬಿಚ್ಚಿದ್ದು ಯಾವಾಗ?" ಎಂದ ಮಾವ, ನೇರವಾಗಿ.

ಕಂಡಕ್ಟರು ಮೊದಲು ನಕ್ಕ. ಮಾವ ನಗುತ್ತಿಲ್ಲ ಎಂದು ಗೊತ್ತಾದಮೇಲೆ ಅವನ ಮುಖದ ನಗು ಇಳಿಯಲು ಒಂದು ನಿಮಿಷ ಹಿಡಿಯಿತು. "ಏನು ಹೇಳ್ತಿದೀಯಾ ನೀನು?"

"ಏನಿತ್ತು ಒಳಗೆ? ಅವಳಿಗೆ ಕೊಟ್ಯಾ, ನೀನೇ ಇಟ್ಕೊಂಡ್ಯಾ? ಅಷ್ಟು ಹೇಳು ಸಾಕು."

ಕಂಡಕ್ಟರು ಎದ್ದ. ಜೇಬುಗಳನ್ನು ಒಂದೊಂದಾಗಿ ಹೊರಗೆಳೆದು ತೋರಿಸಿದ. ಕರವಸ್ತ್ರ, ಕನ್ನಡಕದ ಡಬ್ಬಿ, ಎರಡು ಮಾತ್ರೆ. "ಇನ್ನೇನಾದ್ರೂ ನೋಡ್ಬೇಕಾ?" ಎಂದು ಕೇಳಿದ. ಮಾವ ಬೇಡವೆನ್ನಲಿಲ್ಲ. ಕಂಡಕ್ಟರು ಚಪ್ಪಲಿ ಮೆಟ್ಟಿ ಹೋದ. ಅತ್ತೆ ಎರಡು ಲೋಟ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಮಾವ ನನ್ನ ಮುಂದೆ ಒಂದು ಹಾಳೆ ಇಟ್ಟ. ಪೊಲೀಸ್ ಠಾಣೆಗೆ ದೂರು, ಕೈಯಲ್ಲಿ ಬರೆದದ್ದು. ಕಂಡಕ್ಟರನ ಹೆಸರು, ವಿಳಾಸ, ಬೈಂಡಿಂಗ್ ಹೆಂಗಸಿನ ಹೆಸರು, ಎಲ್ಲ ಇತ್ತು. "ಆಫೀಸಲ್ಲಿ ಇದನ್ನ ಚೆನ್ನಾಗಿ ಟೈಪ್ ಮಾಡಿ ತಾ. ಮೂರು ಪ್ರತಿ."

ನಾನು ಹಾಳೆ ಹಿಡಿದು ಕೂತೆ. ಅತ್ತೆ ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ನಾಲ್ಕಾಗಿ ಮಡಿಸಿದಳು.

"ಟೈಪ್ ಮಾಡ್ಬೇಡ ಕಣೆ. ಬಿಚ್ಚಿದ್ದು ನಾನು."

ಮಾವ ಅವಳನ್ನು ದಿಟ್ಟಿಸಿದ. ಆಮೇಲೆ ಆಡಿದ ಮಾತು ಕೇಳಿ ನಾನು ದಂಗಾದೆ. "ಯಾರನ್ನ ಕಾಪಾಡೋಕೆ ಹೀಗೆ ಹೇಳ್ತಿದೀಯ?"

"ಯಾರನ್ನೂ ಇಲ್ಲ. ನಾನೇ."

"ಸುಳ್ಳು. ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ."

"ಸ್ನಾನ ಮಾಡೋವಾಗ್ಲೂ ಇರುತ್ತಾ? ಗೂಟಕ್ಕೆ ನೇತು ಹಾಕ್ತೀರಲ್ಲ."

"ಹಿಟ್ಟು?"

"ಹಿಟ್ಟು ನನ್ನ ಡಬ್ಬಿದೇ ಅಲ್ವೇನ್ರೀ? ಗುಡಿಸಿ ಇನ್ನೊಂದು ಚಿಟಿಕೆ ಉದುರಿಸ್ದೆ."

"ಸ್ಕ್ರೂ ಹೇಗೆ ಬಿಚ್ಚಿದೆ?"

"ನಾಣ್ಯದಿಂದ. ಒಂದು ಕಡೆ ಜಾರಿ ಗೀರು ಬಿತ್ತು. ಗೊತ್ತಾಗುತ್ತೆ ಅಂತ ಅವತ್ತೇ ಅಂದ್ಕೊಂಡೆ."

ಇಷ್ಟಾದರೂ ಮಾವ ನಂಬಲಿಲ್ಲ. ಮೂವತ್ತು ವರ್ಷ ತಾನು ಅನುಮಾನಿಸುತ್ತ ಬಂದವಳು ತಪ್ಪೊಪ್ಪಿಕೊಂಡಾಗ ಆ ಒಪ್ಪಿಗೆಯ ಮೇಲೆಯೇ ಅವನಿಗೆ ಅನುಮಾನ! ಅತ್ತೆ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಎಲ್ಲವನ್ನೂ ಹೇಳಿದಳು. ನಾನು ಸುದ್ದಿ ಹೇಳಿದ ಮೇಲೆ ಅವಳೇ ಪ್ರೆಸ್ಸಿಗೆ ಹೋಗಿ ಆ ಹೆಂಗಸನ್ನು ಕಂಡಿದ್ದಳು. ಎರಡು ಮೂರು ಸಲ ಹೋದಮೇಲೆ ಅವಳು ಬಾಯಿಬಿಟ್ಟಳಂತೆ. ಅವಳಿಗೆ ಎರಡು ವರ್ಷವಾಗುವ ಮೊದಲೇ ತಾಯಿ ತೀರಿಕೊಂಡಿದ್ದಳು. ತಾಯಿಯದೆಂದು ಇದ್ದದ್ದು ಒಂದೇ ಫೋಟೋ. ಅಪ್ಪ ಅದನ್ನು ಟೋಪಿಯ ನೆತ್ತಿಯ ಮೆತ್ತೆಯಡಿ ಇಟ್ಟು ಯುದ್ಧಕ್ಕೆ ಹೋಗಿದ್ದ, ಹಾಗೇ ವಾಪಸು ಬಂದಿದ್ದ. ಆಮೇಲೆ ಎರಡನೇ ಮದುವೆಯಾಯಿತು, ತಮ್ಮ ಹುಟ್ಟಿದ. ಹೊಸ ಹೆಂಡತಿ ಕಂಡಾಳೆಂದು ಅಪ್ಪ ಫೋಟೋವನ್ನು ಅಲ್ಲಿಂದ ತೆಗೆಯಲೇ ಇಲ್ಲ. ಸ್ಕ್ರೂ ಬಿಗಿದು ಮೇಲೆ ಬಣ್ಣ ಬಳಿದುಬಿಟ್ಟ. ಸಾಯುವ ಮುಂಚೆ ಮಗಳಿಗಷ್ಟೇ ಹೇಳಿದ. ಅವಳು ಅದನ್ನು ತೆಗೆಯುವ ಮೊದಲೇ ತಮ್ಮ ಮಾರಿದ್ದ. ಅತ್ತೆ ಮೆತ್ತೆಯಡಿ ಸಿಕ್ಕ ಪೊಟ್ಟಣವನ್ನು ಬಿಚ್ಚಿಯೂ ನೋಡದೆ ಅವಳ ಕೈಗಿಟ್ಟಿದ್ದಳು.

"ಅಂಗಡಿಗೆ ಬಂದಾಗ ಇಷ್ಟನ್ನೂ ಹೇಳಬಹುದಿತ್ತಲ್ಲ ಅವಳು?" ಅಂದ ಮಾವ.

"ಒಳಗೆ ಏನೋ ಇದೆ ಅಂದ್ರೆ ನೀವೇ ಬಿಚ್ಚಿ ತೆಗೆದಿಟ್ಕೋತೀರಿ ಅಂತ ಹೆದರಿದ್ಲು. ನೀವು ಅವಳನ್ನ ನಂಬಲಿಲ್ಲ, ಅವಳು ನಿಮ್ಮನ್ನ ನಂಬಲಿಲ್ಲ."

"ನನ್ನನ್ನ ನೀನು ಕೇಳಬಹುದಿತ್ತು."

"ಕೇಳಿದ್ರೆ ಬೀಗ ಬದಲಾಯಿಸ್ತಿದ್ರಿ." ಅತ್ತೆ ಅಂದಳು, "ಇಷ್ಟು ವರ್ಷ ಸುಮ್‌ಸುಮ್ನೆ ಅನುಮಾನ ಪಟ್ರಿ. ಒಂದ್ಸಲನಾದ್ರೂ ಅದಕ್ಕೆ ತಕ್ಕ ಕೆಲಸ ಮಾಡಿದೀನಲ್ಲ, ಬಿಡಿ."

ಮಾವ ಶರಟು ಹಾಕಿಕೊಂಡ. "ನಡಿ ಅಂಗಡಿಗೆ. ಅವಳನ್ನ ಕರಿ. ತೂಗ್ತೀನಿ."

ನಾವು ಮೂವರೂ ಹೋದೆವು. ಅತ್ತೆ ಗಲ್ಲಿ ದಾಟಿ ಬೈಂಡಿಂಗ್ ಹೆಂಗಸನ್ನು ಕರೆದುಕೊಂಡು ಬಂದಳು. ಅವಳು ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಕೆಲಸದ ಮೇಜಿನ ಹತ್ತಿರವೂ ಅದು ಅವಳ ಜೊತೆಯಲ್ಲೇ ಇರುತ್ತಿತ್ತೆಂದು ಕಾಣುತ್ತದೆ. ಕಪ್ಪಾದ ಮೇಣಬಟ್ಟೆ, ಅದರೊಳಗೆ ದಪ್ಪ ರಟ್ಟಿನ ಮೇಲೆ ಅಂಟಿಸಿದ ಫೋಟೋ. ಕುರ್ಚಿಯ ತುದಿಯಲ್ಲಿ ಕೂತ ಹುಡುಗಿಯಂಥ ಹೆಂಗಸು, ನಗು ತಡೆದುಕೊಂಡ ಬಾಯಿ. ಮಾವ ಅದನ್ನು ನೋಡಿದನೋ ಇಲ್ಲವೋ, ಮೇಣಬಟ್ಟೆಯ ಸಮೇತ ತಟ್ಟೆಯ ಮೇಲಿಟ್ಟ. ಬಟ್ಟು ಹಾಕಿದ.

"ಒಂಬತ್ತು" ಅಂದ. ತಲೆಯೆತ್ತಿ ಅವಳನ್ನು ನೋಡಿದ. "ಇನ್ನೆರಡು ಗ್ರಾಂ ಎಲ್ಲಿ?"

ಅತ್ತೆ, "ಸಾಕು ಮಾಡ್ರೀ" ಅಂದಳು.

"ಹನ್ನೊಂದು ಹೋಗಿದೆ. ಒಂಬತ್ತು ಇಲ್ಲಿದೆ. ಎರಡು ಎಲ್ಲಿ?"

ಹೆಂಗಸು ಅತ್ತೆಯ ಕಡೆ ನೋಡಿದಳು. ಅತ್ತೆಗೂ ಅದು ಗೊತ್ತಿರಲಿಲ್ಲ ಎಂದು ಆ ನೋಟದಿಂದ ನನಗೆ ತಿಳಿಯಿತು. ಆಮೇಲೆ ಹೆಂಗಸು ಗೋಡೆಯ ಕಡೆ ತಿರುಗಿ, ಕೊರಳ ದಾರಕ್ಕೆ ಕಟ್ಟಿ ಬಟ್ಟೆಯೊಳಗೆ ಮರೆಮಾಡಿದ್ದ ಚಿಕ್ಕ ಬಟ್ಟೆಯ ಚೀಲ ತೆಗೆದಳು. ಒಳಗಿದ್ದದ್ದು ಒಂದು ಕೂದಲಿನ ಜಡೆ, ಬೆರಳುದ್ದದ್ದು, ಕೆಂಪು ನೂಲಿನಲ್ಲಿ ಕಟ್ಟಿದ್ದು. ಅವಳೇ ಅದನ್ನು ತಟ್ಟೆಯಲ್ಲಿ, ಫೋಟೋದ ಪಕ್ಕ ಇಟ್ಟಳು. ಮಾವ ಎರಡು ಗ್ರಾಂ ಬಟ್ಟು ಸೇರಿಸಿದ. ಮುಳ್ಳು ಆಚೀಚೆ ಓಲಾಡಿ ನಡುವಿಗೆ ಬಂದು ನಿಂತಿತು.

ಮಾವ ತಲೆ ಬಗ್ಗಿಸಿ ಮುಳ್ಳನ್ನೇ ನೋಡುತ್ತಿದ್ದ. ಅವನ ಲೆಕ್ಕ ಸರಿಯಾಗಿತ್ತು. ಒಂದು ಗ್ರಾಮಿನಷ್ಟೂ ಯಾರೂ ಅವನಿಗೆ ಮೋಸ ಮಾಡಿರಲಿಲ್ಲ. ಆದರೂ ಅವನ ಕಿವಿಗಳು ಕೆಂಪಾಗುತ್ತಿದ್ದವು. ಇಷ್ಟು ವರ್ಷಗಳಲ್ಲಿ ನಾನು ಅದೊಂದು ಸಲ ಮಾತ್ರ ಅವನ ಮುಖದಲ್ಲಿ ನಾಚಿಕೆ ಕಂಡದ್ದು.

"ತಗೊಳ್ಳಿ" ಅಂದ ಕೊನೆಗೆ. "ನೀವೇ ತಗೊಳ್ಳಿ. ನನ್ನ ಕೈಯಲ್ಲಿ ಎಣ್ಣೆ ಇದೆ."

ಅವಳು ತೆಗೆದುಕೊಂಡಳು. ಬಾಗಿಲ ತನಕ ಹೋಗಿ ತಿರುಗಿ, "ಅಕ್ಕನ್ನ ಬೈಬೇಡಿ ಸಾರ್" ಅಂದಳು.

ಮರುದಿನ ಮಾವ ಹದಿನಾಲ್ಕನೇ ಟೋಪಿಯನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಪ್ರೆಸ್ಸಿಗೆ ಹೋಗಿ, ಗೋಂದಿನ ಡಬ್ಬಿಯ ಪಕ್ಕ ಅವಳ ಮೇಜಿನ ಮೇಲಿಟ್ಟ. ಅವಳು ಬೇಡವೆಂದಳು. "ನಂಗ್ಯಾಕೆ ಸಾರ್? ಮನೆಗೆ ತಗೊಂಡು ಹೋದ್ರೆ ತಮ್ಮ ಮತ್ತೆ ಮಾರ್ತಾನೆ. ನಿಮ್ಮ ಹತ್ರಾನೇ ಇರ್ಲಿ, ಕಾವಲು ಚೆನ್ನಾಗಿದೆ." ಮಾವ ಅದನ್ನು ವಾಪಸು ತಂದ. ಸಂಜೆ ನನ್ನ ಹತ್ತಿರ ಪಿಸುಗುಟ್ಟಿದ, "ಯಾಕೆ ಬೇಡ ಅಂದ್ಲು ಅಂತೀಯಾ? ಏನೋ ಇರ್ಬೇಕು." ನಾನು ಅವನ ಮುಖ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅಂದರೆ ಅವನೇನೂ ಪೂರ್ತಿ ಬದಲಾಗಲಿಲ್ಲ. ಆದರೆ ಹೊಸ್ತಿಲಿಗೆ ಹಿಟ್ಟು ಉದುರಿಸುವುದನ್ನು ಬಿಟ್ಟ. ಟೋಪಿ ಮಾರಲು ಯಾರಾದರೂ ಬಂದರೆ ಈಗ ಅವರೆದುರಿಗೇ ಸ್ಕ್ರೂ ಬಿಚ್ಚಿ, ಮೆತ್ತೆ ಎತ್ತಿ, "ಮನೆಯವರದ್ದು ಏನಾದ್ರೂ ಉಳಿದಿದ್ರೆ ನೋಡ್ಕೊಳ್ಳಿ" ಅನ್ನುತ್ತಿದ್ದ. ಬಣ್ಣ ಒಡೆಯುತ್ತದೆಂದು ಹೆದರುತ್ತಿರಲಿಲ್ಲ. ಒಮ್ಮೆ ಒಂದು ಟೋಪಿಯೊಳಗೆ ಯಾರದೋ ಸಿಗರೇಟು ಪ್ಯಾಕಿನ ಚೂರು ಸಿಕ್ಕಿತ್ತು. ಅದನ್ನೂ ಮಾರಿದವನ ಕೈಗೇ ಕೊಟ್ಟ.

ಅತ್ತೆ ಮಾತ್ರ ಬದಲಾದಳು. ಮಾವ ಏನಾದರೂ ಅಡ್ಡಪ್ರಶ್ನೆ ಕೇಳಿದರೆ ಮೊದಲಿನಂತೆ ಸುಮ್ಮನಿರುತ್ತಿರಲಿಲ್ಲ. "ನಾನೇ ಮಾಡಿದ್ದು, ತೂಗ್ಕೊಳ್ಳಿ" ಅನ್ನುತ್ತಿದ್ದಳು. ಮಾವ ಬಾಯಿ ಮುಚ್ಚುತ್ತಿದ್ದ. ವಾರಕ್ಕೊಮ್ಮೆ ಮಧ್ಯಾಹ್ನ ಅವಳು ಬೈಂಡಿಂಗ್ ಹೆಂಗಸಿನ ಜೊತೆ ಎಲ್ಲಿಗೋ ಹೋಗಿ ಬರುತ್ತಿದ್ದಳು, ಎಲ್ಲಿಗೆಂದು ನನಗೂ ಹೇಳಲಿಲ್ಲ.

ಕೆಟ್ಟದ್ದು ಕಂಡಕ್ಟರನ ವಿಷಯ. ಮಾವ ಅವನ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಎರಡನೇ ಮಹಡಿ. ಕಂಡಕ್ಟರು ಬಾಗಿಲಿನ ಸರಪಳಿ ತೆಗೆಯದೆ, ಅಂಗೈಯಗಲ ಸಂದಿಯಿಂದಲೇ ಮಾತಾಡಿದ.

"ತಪ್ಪಾಯ್ತು ಕಣಯ್ಯ. ನೀನಲ್ಲ ಅಂತ ಗೊತ್ತಾಯ್ತು."

"ಗೊತ್ತಾಗೋಕೆ ಮುಂಚೆ ಏನಂದ್ಕೊಂಡಿದ್ದೆ?"

ಮಾವ ಬಾಗಿಲಿನ ಸರಪಳಿಯನ್ನೇ ನೋಡಿದ.

"ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದಿದೀನಿ" ಅಂದ ಕಂಡಕ್ಟರು. "ಕಳ್ಳಪ್ರಯಾಣಿಕರನ್ನ ಎಷ್ಟೋ ಜನರನ್ನ ಇಳಿಸಿದೀನಿ. ಟಿಕೆಟ್ ತಗೊಂಡವನನ್ನ ಮಾತ್ರ, ಟಿಕೆಟ್ ಎಲ್ಲೋ ಬಿದ್ದೋಗಿದ್ರೂ ಸರಿ, ಒಬ್ಬನ್ನೂ ಇಳಿಸ್ಲಿಲ್ಲ. ಮುಖ ನೋಡಿದ್ರೆ ಗೊತ್ತಾಗ್ತಿತ್ತು ಕಣೋ. ಇಪ್ಪತ್ತು ವರ್ಷ ನನ್ನ ಮುಖ ನೋಡಿದೀಯ ನೀನು." ಬಾಗಿಲು ಮುಚ್ಚಿಕೊಂಡಿತು. ಮೆಟ್ಟಿಲಿಳಿಯುವಾಗ ಮಾವ ಗೋಡೆ ಹಿಡಿದುಕೊಂಡು ಇಳಿದ.

ಐದು ತಿಂಗಳ ಮೇಲೆ ಒಂದು ಭಾನುವಾರ ಕಂಡಕ್ಟರು ತಾನಾಗೇ ಬಂದ. ಮಾವ ಏನೂ ಆಗದವನಂತೆ ಎದ್ದು ಹಿಂದಿನ ಕೋಣೆಯ ಕಡೆ ಹೊರಟ. ಕಂಡಕ್ಟರು ಮುಂದಿನ ಕೋಣೆಯ ಕುರ್ಚಿಯಿಂದ ಕದಲಲಿಲ್ಲ. "ಇಲ್ಲಿಗೇ ತಗೊಂಡು ಬಾ" ಅಂದ. ಅಂದಿನಿಂದ ಅದೇ ಪದ್ಧತಿಯಾಯಿತು. ಮಾವ ಟೋಪಿಗಳನ್ನು ಒಂದೊಂದಾಗಿ ಹೊತ್ತು ತಂದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಕಂಡಕ್ಟರು ಎದ್ದು ಬಂದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಮುದ್ರೆ ಓದುತ್ತಿದ್ದ.

"ಹಿಡ್ಕೊಂಡು ನೋಡೋ" ಅನ್ನುತ್ತಿದ್ದ ಮಾವ.

"ಇರ್ಲಿ. ಇಲ್ಲಿಂದ್ಲೇ ಕಾಣ್ಸುತ್ತೆ."